ಐದು ಮೊಳದ ಬಾಗಿಲು

ನನ್ನ ಗಂಡ ಹಫೀಜ್ ಹೊಸ ಬಾಗಿಲು ಮಾಡುತ್ತಾನೆ, ನಾನು ಹಳೆಯ ಬಾಗಿಲುಗಳ ಫೋಟೊ ತೆಗೆಯುತ್ತೇನೆ. ಶಿಕಾರಿಪುರದ ನಮ್ಮ ಓಣಿಯಲ್ಲಿ ಇದಕ್ಕೆ ನಗದವರೇ ಇಲ್ಲ. ಸೊಸೆ ಫಿರ್ದೋಸ್ ಮನೆಯ ವ್ಯಾಪಾರ ಹಾಳುಮಾಡಲಿಕ್ಕೇ ಹುಟ್ಟಿದವಳು ಎಂದು ನಮ್ಮ ಅತ್ತೆ ಕುಬ್ರಾ ಬೀ ನೆಂಟರೆದುರು ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ನನ್ನ ಫೋಟೊಗಳನ್ನು ಅದೇ ನೆಂಟರಿಗೆ ಒಂದೊಂದಾಗಿ ತೋರಿಸುವವರೂ ಅವರೇ.

ಇದು ಶುರುವಾದದ್ದು ವ್ಯಾಪಾರಕ್ಕೆಂದೇ. ಮದುವೆಗೆ ಮುಂಚೆ ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದೆ, ಕ್ಯಾಮೆರಾ ಹಿಡಿಯಲು ಬರುತ್ತಿತ್ತು. ಹಫೀಜ್ ಮಾಡಿದ ತೇಗದ ಬಾಗಿಲೊಂದನ್ನು ವಾಟ್ಸ್ಯಾಪಿಗೆ ಹಾಕೋಣವೆಂದು ನಮ್ಮ ಅಂಗಡಿಯ ಹಿಂದಿರುವ ಮುಚ್ಚಿದ ಎಣ್ಣೆ ಮಿಲ್ಲಿನ ಎದುರು ನಿಲ್ಲಿಸಿ ಫೋಟೊ ತೆಗೆದೆ. ಅದನ್ನು ನೋಡಿದ ಗಿರಾಕಿಯೊಬ್ಬರು ಫೋನು ಮಾಡಿ, ಮುಂದಿನದು ಬೇಡ, ಹಿಂದೆ ಕಾಣುವ ಮಿಲ್ಲಿನ ಬಾಗಿಲು ಸಿಗುತ್ತದೆಯೇ ಎಂದು ಕೇಳಿದರು. ಹಫೀಜ್ ಆ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. (ಎದುರಿಗೆ ನಾನು ಅವನಿಗೆ 'ರೀ' ಅನ್ನುತ್ತೇನೆ. ಬರೆಯುವಾಗ 'ಅವನು' ಎಂದರೆ ಪರವಾಗಿಲ್ಲ, ಅವನು ಓದುವುದಿಲ್ಲ.) ನಾನು ಮಾತ್ರ ಹೋಗಿ ಆ ಎಣ್ಣೆ ಮಿಲ್ಲಿನ ಬಾಗಿಲನ್ನೇ ನೋಡುತ್ತ ನಿಂತೆ.

ಮನೆಯ ಬಾಗಿಲನ್ನು ಮಾಡಿಸುವುದು ನೆಂಟರು ನೋಡಲಿ ಎಂದು. ಮಿಲ್ಲಿನ ಬಾಗಿಲನ್ನು ಯಾರಾದರೂ ನೋಡಲಿ ಎಂದು ಯಾರೂ ಮಾಡಿಸಿರುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಮೂಟೆ ಹೊತ್ತವರ ಭುಜ ತಾಗಿ ತಾಗಿ ಅದರ ಅಂಚು ಒಂದೇ ಎತ್ತರದಲ್ಲಿ ನುಣ್ಣಗಾಗಿರುತ್ತದೆ. ಆಯುಧಪೂಜೆಯ ಕುಂಕುಮ ವರ್ಷದ ಮೇಲೆ ವರ್ಷ ಕೂತು ಕಪ್ಪಾಗಿರುತ್ತದೆ. ಒಳಮೈಯಲ್ಲಿ ಯಾವುದೋ ಕಾಲದ ಕ್ಯಾಲೆಂಡರಿನ ಒಂದು ಮೂಲೆ ಇನ್ನೂ ಅಂಟಿಕೊಂಡಿರುತ್ತದೆ. ಇಂಥವನ್ನು ಹುಡುಕಿಕೊಂಡು ಹೋಗುವುದು ನನ್ನ ಭಾನುವಾರದ ಕೆಲಸವಾಯಿತು.

ಪಾಳುಬಿದ್ದ ಕಟ್ಟಡಕ್ಕೆ ಒಬ್ಬಳೇ ಹೋಗಕೂಡದು ಎಂಬುದು ಅತ್ತೆಯ ಷರತ್ತು. ಹಾವು ಕಂಡರೆ ನಿಂತು ಕಿರುಚಲು ಒಬ್ಬರು ಬೇಕು, ಓಡಿಬಂದು ಮನೆಗೆ ಸುದ್ದಿ ಹೇಳಲು ಇನ್ನೊಬ್ಬರು ಬೇಕು ಎಂಬುದು ಅವರ ಲೆಕ್ಕ. ಹೀಗೆ ಜೊತೆಯಾದವಳು ನನ್ನ ಕಾಲೇಜಿನ ಗೆಳತಿ ನಾಗಶ್ರೀ. ಸೊಸೈಟಿಯಲ್ಲಿ ಗುಮಾಸ್ತೆ. ಸ್ಕೂಟರ್ ಅವಳದ್ದು, ಕ್ಯಾಮೆರಾ ನನ್ನದು. ಬಾಗಿಲಿನ ಬಗ್ಗೆ ಅವಳಿಗೆ ಎಳ್ಳಷ್ಟೂ ಆಸಕ್ತಿಯಿಲ್ಲ. ಸೊರಬದ ದಾರಿಯಲ್ಲಿ ಎಲ್ಲಿ ಒಳ್ಳೆಯ ಮಂಡಕ್ಕಿ ಸಿಗುತ್ತದೆ ಎಂಬುದು ಅವಳಿಗೆ ಗೊತ್ತು, ನನಗೆ ಅಷ್ಟು ಸಾಕಾಗಿತ್ತು.

ಇಷ್ಟರಲ್ಲಿ ಮನೆಯೊಳಗೆ ಬೇರೆ ಗದ್ದಲ ಶುರುವಾಗಿತ್ತು. ನಮ್ಮ ಮಾವ ಅಜಮತ್ ಉಲ್ಲಾ ಎಪ್ಪತ್ತು ದಾಟಿದ ಬಡಗಿ. ಅಳತೆಯ ವಿಷಯದಲ್ಲಿ ಅವರ ಹತ್ತಿರ ಯಾರ ಆಟವೂ ನಡೆಯುವುದಿಲ್ಲ. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಆಚೀಚೆಯಾದರೂ ಆ ಹಲಗೆಯನ್ನು ಒಲೆಗೆ ಹಾಕು ಎನ್ನುತ್ತಾರೆ. ಹೋದ ವರ್ಷ ಹಫೀಜ್ ಶಿರಾಳಕೊಪ್ಪದ ಒಂದು ಮನೆಗೆ ಬಾಗಿಲುಗಳನ್ನು ಮಾಡಿಕೊಟ್ಟ. ನೆಲಕ್ಕೆ ಟೈಲ್ಸ್ ಬರುತ್ತದೆಂದು ಕೆಳಗೆ ಒಂದಿಂಚು ಬಿಟ್ಟು ಕೊಯ್ದ. ಮನೆಯವರು ಕೊನೆಗೆ ಮನಸ್ಸು ಬದಲಾಯಿಸಿ, ಟೈಲ್ಸ್ ಬೇಡ, ಸಿಮೆಂಟಿನ ನೆಲವೇ ಇರಲಿ ಎಂದರು. ಒಂದೊಂದು ಬಾಗಿಲಿನ ಕೆಳಗೂ ಇಲಿ ಸಂಸಾರ ಸಮೇತ ಒಳಗೆ ಬರುವಷ್ಟು ಸಂದು ಉಳಿಯಿತು. ತಪ್ಪು ಮನೆಯವರದ್ದೇ ಎಂದು ನಾನು ಈಗಲೂ ವಾದ ಮಾಡಬಲ್ಲೆ. ಮಾವ ವಾದಕ್ಕೇ ಬರಲಿಲ್ಲ. ಮಗನ ಕೈಯಿಂದ ಟೇಪು ತೆಗೆದುಕೊಂಡು ತಮ್ಮ ಜುಬ್ಬಾದ ಜೇಬಿಗೆ ಹಾಕಿಕೊಂಡರು, ಅಷ್ಟೆ.

ಅಂದಿನಿಂದ ಎಲ್ಲ ಅಳತೆಯೂ ಮಾವನದ್ದೇ. ಮೊಣಕಾಲು ನೋಯುತ್ತಿದ್ದರೂ ಏಣಿ ಹತ್ತುವವರು ಅವರು, ಕೆಳಗೆ ಏಣಿ ಹಿಡಿದು ನಿಲ್ಲುವವನು ಹಫೀಜ್. ಅವರಿಲ್ಲದ ಹೊತ್ತಿನಲ್ಲಿ ಹಫೀಜ್ ಏನಾದರೂ ಅಳೆದರೆ, ಬಂದ ಮೇಲೆ ಗಿರಾಕಿಯ ಎದುರೇ ಅದನ್ನು ಇನ್ನೊಮ್ಮೆ ಅಳೆಯುತ್ತಿದ್ದರು. ಹಫೀಜ್ ಎದುರು ಮಾತಾಡುವವನಲ್ಲ. ಒಂದು ದಿನ ಸುಮ್ಮನೆ ಶಿವಮೊಗ್ಗಕ್ಕೆ ಹೋಗಿ ರೆಡಿಮೇಡ್ ಬಾಗಿಲು ಮಾರುವ ಶೋರೂಮಿನಲ್ಲಿ ಮಾತಾಡಿಕೊಂಡು ಬಂದ. ಮುಂದಿನ ತಿಂಗಳಿಂದ ಬನ್ನಿ ಎಂದಿದ್ದರಂತೆ.

ಅವನು ಹೋದರೆ ಅಂಗಡಿಗೆ ಬೀಗವೇ. ನನಗೆ ಶಿವಮೊಗ್ಗ ಬೇಕಿರಲಿಲ್ಲ. ನನಗೆ ಮರದ ಹೊಟ್ಟಿನ ವಾಸನೆಯ ಗಂಡ ಬೇಕು, ಇನ್‌ಶರ್ಟ್ ಮಾಡಿಕೊಂಡು ಪ್ಲಾಸ್ಟಿಕ್ ಬಾಗಿಲು ಮಾರುವವನು ಬೇಡ. ಹಾಗೆಂದು ಅವನಿಗೇ ಹೇಳಿದೆ. ಅಬ್ಬಾ ಒಂದೇ ಒಂದು ಸಲ ನನ್ನ ಅಳತೆ ನಂಬಲಿ, ಇಲ್ಲೇ ಇರುತ್ತೇನೆ ಎಂದ. ನಂಬಿಸುವ ಕೆಲಸ ನನ್ನ ತಲೆಗೆ ಬಂತು.

ನನ್ನ ಹತ್ತಿರ ಒಂದೇ ಉಪಾಯವಿತ್ತು. ಮಾವನಿಗೆ ಒಂದು ಹೆಮ್ಮೆಯ ಬಾಗಿಲಿತ್ತು. ಮೇಸ್ತ್ರಿಯ ಕೈಕೆಳಗಿಂದ ಹೊರಬಂದು ಸ್ವಂತವಾಗಿ ಮಾಡಿದ ಮೊದಲ ಕೆಲಸ, ಯಾವುದೋ ರೈಸ್‌ಮಿಲ್ಲಿಗೆ ಹೊನ್ನೆ ಮರದ ಜೋಡಿ ಬಾಗಿಲು. ಎರಡು ಹಲಗೆಗಳ ನಡುವೆ ಬೆಂಕಿಪೊಟ್ಟಣದ ಕಾಗದವೂ ತೂರುವುದಿಲ್ಲ ಎಂದು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ಮನೆಯವರು ಯಾರೂ ಅದನ್ನು ಕಂಡಿರಲಿಲ್ಲ. ಅದನ್ನು ಹುಡುಕಿ, ಫೋಟೊ ತೆಗೆದು, ದೊಡ್ಡದಾಗಿ ಮಾಡಿಸಿ ಅಂಗಡಿಯಲ್ಲಿ ತೂಗುಹಾಕುವುದು. ಮಾವ ಖುಷಿಯಲ್ಲಿರುವಾಗ ಟೇಪಿನ ವಿಷಯ ತೆಗೆಯುವುದು. ಲಂಚ ಎಂದರೆ ಲಂಚವೇ.

ಯಾವ ಊರಿನ ಮಿಲ್ಲು ಅಬ್ಬಾ ಎಂದು ಕೇಳಿದೆ. ಅವರು ಗಡ್ಡ ನೀವಿಕೊಂಡು, ಆನವಟ್ಟಿ ಕಡೆ ಇರಬೇಕು ಎಂದರು. ಹೋದೆವು. ಆನವಟ್ಟಿಯ ಆಚೆ ಒಂದು ಮಿಲ್ಲು ಸಿಕ್ಕಿತು, ಬಾಗಿಲನ್ನು ಅರ್ಧದವರೆಗೆ ಹುತ್ತ ನುಂಗಿತ್ತು. ನಾಗಶ್ರೀ ದೂರದಿಂದಲೇ ಕೈಮುಗಿದು ಸ್ಕೂಟರ್ ತಿರುಗಿಸಿಕೊಂಡು ನಿಂತಳು. ನಾನು ಫೋಟೊ ತೆಗೆದು ತಂದು ತೋರಿಸಿದರೆ ಮಾವ ಮೂಗು ಮುರಿದರು. ಇಂಥ ಸಂದು ಬಿಡುವವನು ತಾನಲ್ಲ, ತನ್ನದು ಕುಬಟೂರಿನ ಹತ್ತಿರ ಇದ್ದೀತು ಎಂದರು. ಕುಬಟೂರಿನಲ್ಲಿ ಯಾರನ್ನು ಕೇಳಿದರೂ ದೇವಸ್ಥಾನದ ದಾರಿಯನ್ನೇ ತೋರಿಸಿದರು. ಮಿಲ್ಲು ಎಂದು ಒತ್ತಿ ಕೇಳಿದ್ದಕ್ಕೆ ಒಬ್ಬರು ಆಲೆಮನೆಗೆ ಕರೆದುಕೊಂಡು ಹೋದರು. ಅದಕ್ಕೆ ಬಾಗಿಲೇ ಇರಲಿಲ್ಲ. ಬೆಲ್ಲ ತಿಂದು ಬಂದೆವು.

ಮೂರನೆಯ ಭಾನುವಾರ ಚಂದ್ರಗುತ್ತಿ ದಾರಿ. ಅಲ್ಲೊಂದು ಹಂಚಿನ ಕಾರ್ಖಾನೆ ಬಿದ್ದುಹೋಗಿತ್ತು. ಬಾಗಿಲು ಎಲ್ಲಿ ಎಂದು ಹುಡುಕಿದರೆ, ಅದರ ಒಂದು ಪಾಲನ್ನು ಚರಂಡಿಗೆ ಅಡ್ಡ ಹಾಕಿ ಅದರ ಮೇಲೆ ಹಸುಗಳು ದಾಟುತ್ತಿದ್ದವು. ನಾನು ಚರಂಡಿಯ ಪಕ್ಕ ಬೋರಲು ಮಲಗಿ ಅದರ ಬಿಜಾಗರಿಯ ಫೋಟೊ ತೆಗೆಯುತ್ತಿದ್ದೆ. ಎದುರಿನ ಟೀ ಅಂಗಡಿಯ ಯಮುನಮ್ಮ ಎಂಬುವರು ಕೆಲಸ ಬಿಟ್ಟು ಬಂದು ಸೊಂಟಕ್ಕೆ ಕೈಕೊಟ್ಟು ನೋಡಿದರು.

"ಎಂತ ಮಾರಾಯ್ತಿ ಇದು, ಮದ್ವೆ ಮನೇಲಿ ಹೆಣ್ಣು ಗಂಡಿನ ಫೋಟೊ ತೆಗ್ದಂಗೆ ತೆಗೀತಿದೀಯಲೆ?" ಎಂದರು.

ನಾಗಶ್ರೀ ನಕ್ಕೂ ನಕ್ಕೂ ಟೀ ಚೆಲ್ಲಿಕೊಂಡಳು. ಮನೆಗೆ ಬಂದು ಮಾವನಿಗೆ ಇದನ್ನೆಲ್ಲ ವರದಿ ಮಾಡಿದೆ. ಆಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಸಿಗಲಿಲ್ಲ ಎಂದಾಗ ಅವರ ಮುಖ ಬಾಡಲಿಲ್ಲ, ಅರಳಿತು. ಹೋಗಲಿ ಬಿಡು ಬೇಟಿ, ಮಿಲ್ಲೇ ಬಿದ್ದುಹೋಗಿರಬೇಕು ಎಂದು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ತಮ್ಮ ಬಾಗಿಲು ಬಿದ್ದುಹೋಯಿತೆಂದು ಯಾವ ಬಡಗಿ ಇಷ್ಟು ಖುಷಿಯಾಗಿ ಊಟ ಮಾಡುತ್ತಾನೆ?

ನನಗೆ ಸಿಟ್ಟು ಬಂತು. ಮೂರು ಭಾನುವಾರ ಸೊರಬ ತಾಲ್ಲೂಕಿನ ಧೂಳು ಕುಡಿದವಳು ನಾನು. ಆದರೆ ಯಾಕೆ ಹೀಗೆ ಅಲೆದಾಡಿಸುತ್ತಿದ್ದಾರೆ ಎಂಬುದು ಮಾತ್ರ ಹೊಳೆಯಲಿಲ್ಲ.

ಹೊಳೆಸಿದವರು ಶಿವಮೂರ್ತಪ್ಪ ಎಂಬುವರು. ಅಂಜನಾಪುರದ ಜಮೀನ್ದಾರರು, ನಾಗಶ್ರೀಯ ಸೊಸೈಟಿಗೆ ಗೊಬ್ಬರಕ್ಕೆ ಬಂದಿದ್ದರು. ಅವಳ ಫೋನಿನಲ್ಲಿ ಬಾಗಿಲುಗಳ ಫೋಟೊ ನೋಡಿ, ಎಲ್ಲರ ಮಿಲ್ಲಿಗೂ ಹೋಗಿದ್ದೀರಿ, ನಮ್ಮದಕ್ಕೆ ಬಂದೇ ಇಲ್ಲವಲ್ಲ ಎಂದರಂತೆ. ಯಾವ ಮಿಲ್ಲು ಎಂದು ನಾಗಶ್ರೀ ಕೇಳಿದ್ದಕ್ಕೆ, ನಾಲೆ ರಸ್ತೆಯದ್ದು, ಅದರ ಬಾಗಿಲು ಮಾಡಿದವರು ನಿಮ್ಮೂರಿನ ಅಜಮತ್ ಉಲ್ಲಾ ಸಾಬರು ಎಂದರಂತೆ. ಅಂಜನಾಪುರವೆಂದರೆ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಒಂದು ಹಾಡು ಹೇಳಿ ಮುಗಿಸುವುದರೊಳಗೆ ಸಿಗುವ ಊರು. ಮಾವ ನಮ್ಮನ್ನು ಚಂದ್ರಗುತ್ತಿಯವರೆಗೆ ಓಡಿಸಿದ್ದರು.

ಮರುದಿನದ ಭಾನುವಾರ ಮನೆಯಲ್ಲಿ ಯಾರಿಗೂ ಹೇಳದೆ ಹೊರಟೆವು. ಡ್ಯಾಮಿನ ಕೆಳಗೆ, ನಾಲೆಯ ನೀರು ಕುಡಿದು ಹಸಿರಾದ ಗದ್ದೆಗಳ ಮಧ್ಯೆ, ಮಂಗಳೂರು ಹಂಚಿನ ಉದ್ದನೆಯ ಕಟ್ಟಡ. ಶಿವಮೂರ್ತಪ್ಪ ಬೀಗದ ಕೈ ಹಿಡಿದು ಕಾಯುತ್ತಿದ್ದರು. ಬಾಗಿಲಿನಷ್ಟೇ ಎತ್ತರದ ಮನುಷ್ಯ.

ಆ ಬಾಗಿಲನ್ನು ಕಂಡು ನಾನು ಸ್ಕೂಟರಿನಿಂದ ಇಳಿಯುವುದನ್ನೇ ಮರೆತೆ. ಹೊನ್ನೆ ಮರ ಬಿಸಿಲಿಗೆ, ಮಳೆಗೆ ಬಿದ್ದು ಬಿದ್ದು ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು. ಮೇಲಿನ ಪಟ್ಟಿಯಲ್ಲಿ ಒಂದೇ ಒಂದು ಭತ್ತದ ತೆನೆಯ ಕೆತ್ತನೆ, ಅದೂ ಬೇಕೋ ಬೇಡವೋ ಎಂಬಂತೆ ಸಣ್ಣದಾಗಿ. ನಾನು ಬೆಂಕಿಪೊಟ್ಟಣ ತಂದಿರಲಿಲ್ಲ. ನಾಗಶ್ರೀಯ ಪರ್ಸಿನಿಂದ ಒಂದು ಬಸ್ ಟಿಕೆಟ್ ತೆಗೆದು ಹಲಗೆಗಳ ನಡುವೆ ತೂರಿಸಲು ನೋಡಿದೆ. ಎಲ್ಲೂ ತೂರಲಿಲ್ಲ. ಮಾವನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದು, ಇಷ್ಟು ಚೆನ್ನಾದದ್ದನ್ನು ಮಾಡಿದ ಕೈಯ ಮನೆಗೆ ಸೊಸೆಯಾಗಿದ್ದೇನಲ್ಲ ಎಂದು ಹೆಮ್ಮೆಯಾಯಿತು. ಬೆಳಕು ಚೆನ್ನಾಗಿರುವಷ್ಟು ಹೊತ್ತೂ ಫೋಟೊ ತೆಗೆದೆ.

ಆಮೇಲೆ ಶಿವಮೂರ್ತಪ್ಪ ಬಾಗಿಲು ತೆಗೆದರು. ಮುಚ್ಚಿದ ಮಿಲ್ಲುಗಳ ಒಳಗೆ ಏನಿರುತ್ತದೆ ಎಂದು ನನಗೆ ಗೊತ್ತು. ಏನೂ ಇರುವುದಿಲ್ಲ. ಗುಜರಿಯವರು ಮೊಳೆ ಸಮೇತ ಕಿತ್ತುಕೊಂಡು ಹೋಗಿರುತ್ತಾರೆ. ಇಲ್ಲಿ ಮಾತ್ರ ಮಧ್ಯದಲ್ಲಿ ಒಂದು ಎಂಜಿನ್ನು, ಎರಡು ಮಗ್ಗುಲಿಗೂ ಆಳೆತ್ತರದ ಕಬ್ಬಿಣದ ಚಕ್ರ, ಪೂಜೆ ಮಾಡಿ ನಿನ್ನೆ ತಾನೆ ನಿಲ್ಲಿಸಿದ ಹಾಗೆ ಕೂತಿತ್ತು. ಇದೊಂದು ಹೇಗೆ ಉಳಿಯಿತು ಎಂದು ಕೇಳಿದೆ. ಅದನ್ನು ನಿಮ್ಮ ಮಾವನನ್ನೇ ಕೇಳಬೇಕು ಎಂದು ಶಿವಮೂರ್ತಪ್ಪ ನಕ್ಕರು. ನಾನು ಬಿಡಲಿಲ್ಲ. ಕೊನೆಗೆ ಅವರೇ ಹೇಳಿದರು.

ಮಿಲ್ಲು ಕಟ್ಟಿಸಿದವರು ಅವರ ತಂದೆ ಹನುಮಂತಪ್ಪ. ಇವರಿಗಿಂತಲೂ ಎತ್ತರದ ಆಳು. ಟೇಪು, ಅಡಿಕೋಲು ಇವುಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಹೊಲವಾಗಲಿ, ಗೋಡೆಯಾಗಲಿ, ಅಳೆಯುವುದು ತಮ್ಮ ಮೊಳದಲ್ಲೇ. ಬರಲಿರುವ ಎಂಜಿನ್ನಿನ ಅಗಲ ಕೇಳಿ ತಿಳಿದು, ತಮ್ಮ ಕೈಯಲ್ಲಿ ಲೆಕ್ಕ ಹಾಕಿ, ಬಾಗಿಲು ಐದು ಮೊಳ ಇರಲಿ ಎಂದು ಶಿಕಾರಿಪುರದ ಹೊಸ ಬಡಗಿಗೆ ಹೇಳಿದರು.

"ಯಾರ ಮೊಳ ಅಂತ ನಮ್ಮಪ್ಪ ಹೇಳ್ಲಿಲ್ಲ, ನಿಮ್ಮ ಮಾವ ಕೇಳ್ಲಿಲ್ಲ" ಎಂದು ಶಿವಮೂರ್ತಪ್ಪ ತಮ್ಮ ಉದ್ದನೆಯ ಕೈಯನ್ನು ಚಾಚಿ ತೋರಿಸಿದರು.

ನಮ್ಮ ಮಾವ ಕುಳ್ಳ. ನನ್ನ ಭುಜಕ್ಕೆ ಬರುತ್ತಾರೆ. ಅವರು ತಮ್ಮ ಕೈಯಲ್ಲೇ ಐದು ಮೊಳ ಅಳೆದು ಚೌಕಟ್ಟು ಮಾಡಿ ನಿಲ್ಲಿಸಿದರು. ಚೌಕಟ್ಟಿನ ಸುತ್ತ ಗೋಡೆ ಎದ್ದಿತು. ಎಂಜಿನ್ನು ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಹಿಂದಿನ ಗೋಡೆ ಒಡೆದು ಎಂಜಿನ್ನನ್ನು ಒಳಗಿಟ್ಟು ಮತ್ತೆ ಗೋಡೆ ಕಟ್ಟಿದರು. ಮಿಲ್ಲು ನಿಂತುಹೋದ ಮೇಲೆ ಗುಜರಿಯವರು ಬಂದು, ತುಂಡು ಮಾಡಿ ಒಯ್ಯುತ್ತೇವೆ ಎಂದಾಗ ಹನುಮಂತಪ್ಪ, ಇಡಿಯಾಗಿ ಒಯ್ಯುವುದಾದರೆ ಒಯ್ಯಿರಿ ಎಂದು ಕೂತರು. ಅದು ಇಡಿಯಾಗಿ ಬಾಗಿಲು ದಾಟುವ ಹಾಗಿರಲಿಲ್ಲ. ಹೀಗಾಗಿ ಉಳಿಯಿತು.

ಈಗ ಅದಕ್ಕೆ ಹೊರಗೆ ಹೋಗುವ ಕಾಲ ಬಂದಿತ್ತು. ಹಳೆಯ ಯಂತ್ರಗಳನ್ನು ನಿಲ್ಲಿಸಿ ಮಕ್ಕಳಿಗೆ ತೋರಿಸುವ ಕಾಲೇಜಿನವರು ಇಡೀ ಎಂಜಿನ್ನನ್ನೇ ಕೇಳಿದ್ದರು. ಹಿಂದಿನ ಗೋಡೆಗೆ ತಾಗಿ ಬೇರೆಯವರ ಮನೆ ಎದ್ದಿದೆ, ಆ ಕಡೆ ದಾರಿಯಿಲ್ಲ. ಕಂಟ್ರಾಕ್ಟರು ಜೆಸಿಬಿ ತಂದು ಬಾಗಿಲನ್ನು ಗೋಡೆ ಸಮೇತ ಕೆಡವುತ್ತೇನೆ ಎನ್ನುತ್ತಿದ್ದ. ಚೌಕಟ್ಟನ್ನು ಇಡಿಯಾಗಿ ಬಿಚ್ಚಿ ತೆಗೆದರೆ ಆ ಸಂದಿನಲ್ಲಿ ಎಂಜಿನ್ನು ದಾಟಬಹುದು ಎಂಬ ಆಸೆ ಶಿವಮೂರ್ತಪ್ಪನವರಿಗೆ. ನಿಮ್ಮ ಮಾವನನ್ನು ಕರೆಯೋಣವೆಂದರೆ ಹಳೆಯದನ್ನು ಕೆದಕಿದ ಹಾಗಾಗುತ್ತದೆ, ನೀವೇ ಕೇಳಿ ನೋಡಿ ಎಂದರು.

ವಾಪಸು ಬರುವಾಗ ನಾನು ಸ್ಕೂಟರಿನ ಹಿಂದೆ ಕೂತು ಒಬ್ಬಳೇ ನಗುತ್ತಿದ್ದೆ. ಒಂದು ನೂಲು ತಪ್ಪಿದರೆ ಹಲಗೆಯನ್ನು ಒಲೆಗೆ ಹಾಕಿಸುವ ಮನುಷ್ಯ ಒಂದು ಅಡಿಗೂ ಹೆಚ್ಚು ತಪ್ಪಿದ್ದರು. ಒಂದಿಂಚಿಗೆ ನನ್ನ ಗಂಡನ ಕೈಯಿಂದ ಟೇಪು ಕಿತ್ತುಕೊಂಡವರಿಗೆ ಇವತ್ತು ಇದೆ ಎಂದುಕೊಂಡೆ. ಏನು ಹೇಳಬೇಕು, ಯಾವ ಫೋಟೊ ಮೊದಲು ತೋರಿಸಬೇಕು ಎಂದು ದಾರಿಯುದ್ದಕ್ಕೂ ತಯಾರಿ ಮಾಡಿದೆ.

ಅಂಗಡಿಗೆ ಬಂದರೆ ಅಲ್ಲಿ ಅದೇ ನಾಟಕ ನಡೆದಿತ್ತು. ಕಿಟಕಿ ಮಾಡಿಸಲು ಬಂದ ಗಿರಾಕಿ ನಿಂತಿದ್ದರು, ಹಫೀಜ್ ಅಳೆದಿಟ್ಟ ಪಟ್ಟಿಯನ್ನು ಮಾವ ಮತ್ತೆ ಅಳೆಯುತ್ತಿದ್ದರು. ನನಗೆ ಮಾತು ನಾಲಿಗೆಯ ತುದಿಗೆ ಬಂತು. ಫೋನು ಕೈಯಲ್ಲೇ ಇತ್ತು. ಅಷ್ಟರಲ್ಲಿ ಹಫೀಜ್‌ನ ಮುಖ ನೋಡಿದೆ. ಬೇರೆಯವರ ಎದುರು ಕೆಳಗಾಗುವುದು ಹೇಗಿರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅಪ್ಪನಿಗೆ ನಾನು ಅದನ್ನೇ ಮಾಡಿದರೆ ಅವನು ಟೇಪನ್ನು ಈ ಜನ್ಮದಲ್ಲಿ ಮುಟ್ಟುವವನಲ್ಲ. ನನ್ನ ತಯಾರಿಯೆಲ್ಲ ನೀರುಪಾಲಾಯಿತು. ಬಾಯಿ ಮುಚ್ಚಿಕೊಂಡು ಚಹಾ ಮಾಡಲು ಹೋದೆ.

ಗಿರಾಕಿ ಹೋದ ಮೇಲೆ, ಹಫೀಜ್ ನಮಾಜಿಗೆ ಎದ್ದ ಮೇಲೆ, ಮಾವನ ಮುಂದೆ ಫೋನು ಹಿಡಿದೆ. ಬಾಗಿಲಿನ ಫೋಟೊ ಮಾತ್ರ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಭತ್ತದ ತೆನೆಯನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದು. ಮರದ ವಿಷಯ ಬಂದರೆ ಮಾತ್ರ ಮಾವ ಕನ್ನಡಕ್ಕೆ ಬರುತ್ತಾರೆ, ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಭಾಷೆ ಅದು.

"ಒಳಗ ಹೋಗಿದ್ದೇನು?" ಎಂದು ಕನ್ನಡದಲ್ಲೇ ಕೇಳಿದರು.

"ಹೋಗಿದ್ದೆ, ಅಬ್ಬಾ."

"ಎಂಜಿನ್ನು?"

"ಅಲ್ಲೇ ಐತಿ."

ಅವರು ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸತೊಡಗಿದರು. ನನಗೆ ಹೆದರಿಕೆಯಾಯಿತು. ಶಿವಮೂರ್ತಪ್ಪ ಕೇಳಿದ್ದನ್ನು, ಜೆಸಿಬಿಯ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹಫೀಜ್‌ಗೆ ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ. ಫೋನನ್ನು ನನ್ನ ಕೈಗೆ ಕೊಟ್ಟು, ನಾಳೆ ಅವನನ್ನೂ ಕರೆದುಕೊಂಡು ಹೋಗೋಣ ಎಂದರು. ಅವರ ಮುಖದಲ್ಲಿ ಏನಿತ್ತೆಂದು ನನಗೆ ಓದಲು ಬರಲಿಲ್ಲ.

ಬೆಳಿಗ್ಗೆ ಅಪ್ಪ, ಮಗ ಬೈಕಿನಲ್ಲಿ, ನಾನು ನಾಗಶ್ರೀಯ ಸ್ಕೂಟರಿನಲ್ಲಿ ಹೊರಟೆವು. ಅವಳು ಹಲ್ಲುನೋವೆಂದು ಸೊಸೈಟಿಗೆ ರಜೆ ಹಾಕಿದ್ದಳು. ಮಿಲ್ಲು ಸೇರಿದ ಕೂಡಲೇ ಮಂಡಕ್ಕಿ ಪೊಟ್ಟಣ ಬಿಚ್ಚಿದಳು.

ಬಾಗಿಲನ್ನು ಕಂಡ ಹಫೀಜ್ ಅದರ ಮೈಮೇಲೆ ಕೈಯಾಡಿಸಿ, ಕೂಡಿಸಿದ ಜಾಗದಲ್ಲಿ ಉಗುರು ಹಾಕಿ ನೋಡಿ, ಅಪ್ಪನ ಕಡೆ ತಿರುಗಿದ. ಹೊಗಳಲು ಬಾಯಿ ತೆರೆದಿದ್ದ. ಮಾವ ಅವನಿಗೆ ಅವಕಾಶ ಕೊಡಲಿಲ್ಲ. ನೇರ ಶಿವಮೂರ್ತಪ್ಪನವರ ಹತ್ತಿರ ಹೋಗಿ ತಲೆಯೆತ್ತಿ ನಿಂತರು.

"ಸಾವುಕಾರ್ರೆ, ಒಂದ್ಸಲ ಕೈ ಚಾಚ್ರಿ" ಎಂದರು.

ಶಿವಮೂರ್ತಪ್ಪ ಚಾಚಿದರು. ಮಾವ ಅದರ ಮಗ್ಗುಲಿಗೆ ತಮ್ಮ ಕೈಯಿಟ್ಟರು, ಮೊಣಕೈಗೆ ಮೊಣಕೈ ಸೇರಿಸಿ. ಮಾವನ ಬೆರಳ ತುದಿ ಸಾಹುಕಾರರ ಅಂಗೈಯಲ್ಲೇ ಮುಗಿದುಹೋಯಿತು. ಇಬ್ಬರೂ ಅದನ್ನು ನೋಡಿದರು. ಮೊದಲು ನಕ್ಕವರು ಮಾವ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹಫೀಜ್ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. ಮಾವ ಅವನನ್ನು ಒಳಗೆ ಕರೆದುಕೊಂಡು ಹೋಗಿ ಎಂಜಿನ್ನು ತೋರಿಸಿ, ನಡೆದದ್ದನ್ನೆಲ್ಲ ತಾವೇ ಹೇಳಿದರು. ಅಷ್ಟು ದೊಡ್ಡ ಮನುಷ್ಯನಿಗೆ, ಕೈ ಚಾಚಿ, ಅಳತೆ ತೆಗೆದುಕೊಳ್ಳುತ್ತೇನೆ ಎಂದು ಹೇಳಲು ಮೀಸೆ ಮೂಡುವ ವಯಸ್ಸಿನ ತನಗೆ ಬಾಯಿ ಬರಲಿಲ್ಲ ಎಂದರು. ಎಂಜಿನ್ನು ಬಾಗಿಲಲ್ಲಿ ಸಿಕ್ಕಿಕೊಂಡ ದಿನ ಊರು ಬಿಟ್ಟು ಓಡಿಹೋಗೋಣ ಎನಿಸಿತ್ತಂತೆ.

"ಬಾಗ್ಲು ಚಂದ ಐತಿ, ಇರ್ಲಿ, ಗ್ವಾಡೆ ಒಡೀರಿ ಅಂದ್ರು ಇವ್ರ ತಂದಿ. ಒಂದು ಮಾತು ಬೈಲಿಲ್ಲ ನನಗ" ಎಂದರು ಮಾವ. ಆಮೇಲೆ ಮಗನ ಮುಖ ನೋಡದೆ ಚಕ್ರದ ಮೇಲಿನ ಧೂಳು ಒರೆಸುತ್ತ, "ನಾ ಒಂದಿಂಚಿಗೆ ನಿನ್ನ ಕೈಯಾಗಿನ ಟೇಪು ಕಸ್ಕೊಂಡೆ" ಎಂದರು.

ಹಫೀಜ್ ಬಗ್ಗಿ ಇನ್ನೊಂದು ಚಕ್ರದ ಧೂಳು ಒರೆಸತೊಡಗಿದ. ನಾಗಶ್ರೀಯ ಮಂಡಕ್ಕಿ ಪೊಟ್ಟಣ ಸದ್ದು ನಿಲ್ಲಿಸಿತು.

ಮಾವ ಜೇಬಿನಿಂದ ಟೇಪು ತೆಗೆದು ಮಗನಿಗೆ ಕೊಟ್ಟರು. ಎಂಜಿನ್ನು ಎಷ್ಟಿದೆ, ಚೌಕಟ್ಟು ತೆಗೆದರೆ ಗೋಡೆಯ ಸಂದು ಎಷ್ಟಾಗುತ್ತದೆ, ದಾಟುತ್ತದೋ ಇಲ್ಲವೋ ನೀನೇ ನೋಡಿ ಹೇಳು ಎಂದರು. ಹಫೀಜ್ ಎಂಜಿನ್ನಿನ ಸುತ್ತ ತಿರುಗಿದ, ಕೆಳಗೆ ತೂರಿದ, ಚಕ್ರದ ಅಚ್ಚು ಎಲ್ಲಿ ಹೊರಗೆ ಚಾಚಿದೆ ಎಂದು ಮುಟ್ಟಿ ನೋಡಿದ. ಚೌಕಟ್ಟಿನ ಪಕ್ಕದ ಗಾರೆಯನ್ನು ಉಳಿಯಿಂದ ಸ್ವಲ್ಪ ಎಬ್ಬಿಸಿ, ಮರ ಗೋಡೆಯೊಳಗೆ ಎಷ್ಟು ಹೋಗಿದೆ ಎಂದು ಅಳೆದ. ತಪ್ಪಿದರೆ ಏನಾಗುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚೌಕಟ್ಟೂ ಬಿಚ್ಚಿ, ಎಂಜಿನ್ನೂ ಸಿಕ್ಕಿಕೊಂಡು, ಮತ್ತೆ ಜೆಸಿಬಿಯೇ ಬರಬೇಕು.

"ದಾಟ್ತೈತಿ, ಅಬ್ಬಾ. ಎರಡೂ ಕಡೆ ಒಂದೊಂದು ಬೆರಳು ಉಳೀತೈತಿ" ಎಂದ ಹಫೀಜ್.

ಹೇಳಿ, ಟೇಪನ್ನು ಅಪ್ಪನ ಕಡೆ ಚಾಚಿದ. ಇನ್ನು ಅವರು ಅಳೆಯುವುದು ರೂಢಿಯಲ್ಲವೇ? ನಾನೂ ಅದಕ್ಕೇ ಕಾದೆ. ಮಾವ ಟೇಪಿನ ಕಡೆ ನೋಡಲೇ ಇಲ್ಲ. ಚೀಲದಿಂದ ಉಳಿ, ಕೊಡತಿ ತೆಗೆದುಕೊಂಡು, ಬಿಸ್ಮಿಲ್ಲಾ ಎಂದು ಚೌಕಟ್ಟಿನ ಮೊದಲ ಗಾರೆ ಹಾರಿಸಿದರು. ಹಫೀಜ್ ಟೇಪು ಚಾಚಿಕೊಂಡೇ ನಿಂತಿದ್ದ. ಧೈರ್ಯ ಸಾಲದೆ ತಾನೇ ಇನ್ನೊಮ್ಮೆ ಎಂಜಿನ್ನಿನ ಹತ್ತಿರ ಹೋಗಿ ಅಳೆಯಲು ಬಗ್ಗಿದ.

"ಒಂದ್ಸಲ ಹೇಳಿದ್ಯಲ್ಲ, ಸಾಕು. ಬಾ ಇಲ್ಲಿ, ಆ ಕಡೀಗೆ ಹಿಡಿ" ಎಂದು ಮಾವ ಗದರಿದರು.

ಆ ಬೈಗುಳ ನನಗೆ ಎಷ್ಟು ಹಿತವಾಗಿತ್ತೆಂದರೆ ಫೋಟೊ ತೆಗೆಯಲು ಮರೆತೆ, ಕ್ಯಾಮೆರಾ ಕೊರಳಲ್ಲೇ ನೇತಾಡುತ್ತಿತ್ತು. ಆ ದಿನವೆಲ್ಲ ಇಬ್ಬರೂ ಸೇರಿ ಬಾಗಿಲ ಎರಡು ಪಾಲುಗಳನ್ನು, ಆಮೇಲೆ ಚೌಕಟ್ಟನ್ನು ಒಂದು ಗೀರೂ ಬೀಳದ ಹಾಗೆ ಬಿಚ್ಚಿ ಗೋಣಿತಾಟಿನ ಮೇಲೆ ಮಲಗಿಸಿದರು. ಅದನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಬೇಕು ಎಂದು ಶಿವಮೂರ್ತಪ್ಪ ಮೊದಲೇ ಹೇಳಿದ್ದರು.

ಮರುದಿನ ಕಾಲೇಜಿನವರ ಲಾರಿ, ಹಗ್ಗ, ಉರುಳುದಿಮ್ಮಿ ಎಲ್ಲ ಬಂದವು. ಅಂಜನಾಪುರದ ಅರ್ಧ ಊರು ನಾಲೆಯ ಏರಿ ಮೇಲೆ ಕೂತಿತ್ತು. ಎಂಜಿನ್ನು ದಿಮ್ಮಿಗಳ ಮೇಲೆ ಇಷ್ಟಿಷ್ಟೇ ಉರುಳುತ್ತ ಗೋಡೆಯ ಸಂದಿಗೆ ಬಂತು. ಹಫೀಜ್ ಒಂದು ಕಡೆ ಮೊಣಕಾಲೂರಿ, ಚಕ್ರಕ್ಕೂ ಗೋಡೆಗೂ ನಡುವೆ ಕಣ್ಣಿಟ್ಟು, ಎಳೆಯುವವರಿಗೆ ನಿಲ್ಲಿ, ಹೂಂ, ನಿಲ್ಲಿ ಎಂದು ಕೈಸನ್ನೆ ಮಾಡುತ್ತಿದ್ದ. ತನ್ನ ಶರ್ಟನ್ನು ಕಳಚಿ ಕಲ್ಲಿನ ಮೇಲಿಟ್ಟಿದ್ದ. ಅದರ ಜೇಬಿನಲ್ಲಿದ್ದ ಫೋನು ಅದೇ ಹೊತ್ತಿಗೆ ಬಡಿದುಕೊಳ್ಳತೊಡಗಿತು.

ಹತ್ತಿರವಿದ್ದವರು ಮಾವ. ತೆಗೆದು ಕಿವಿಗಿಟ್ಟುಕೊಂಡರು. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಶಿವಮೊಗ್ಗದ ಶೋರೂಮಿನವರು. ಹಫೀಜ್ ಯಾವಾಗಿಂದ ಕೆಲಸಕ್ಕೆ ಬರುತ್ತಾರೆ ಎಂದು ಕೇಳುತ್ತಿದ್ದರು. ಶೋರೂಮಿನ ವಿಷಯ ಮಾವನಿಗೆ ನಾವು ಯಾರೂ ಹೇಳಿರಲಿಲ್ಲ. ಫೋನು ಕಿತ್ತುಕೊಳ್ಳಲು ನಾನು ಎರಡು ಹೆಜ್ಜೆ ಹಾಕಿದೆ.

ಮಾವ ಮಗನ ಕಡೆ ನೋಡಿದರು. ಅವನು ಗೋಡೆಗೆ ಕೆನ್ನೆ ತಾಗಿಸಿಕೊಂಡು ಚಕ್ರವನ್ನೇ ನೋಡುತ್ತಿದ್ದ.

"ನಮ್ಮ ಮೇಸ್ತ್ರಿ ಅಳತಿಗೆ ನಿಂತಾರ್ರಿ, ಈಗ ಮಾತಾಡಾಕ ಆಗಂಗಿಲ್ಲ" ಎಂದರು ಮಾವ. ಆ ಕಡೆಯವರು ಇನ್ನೇನೋ ಕೇಳಿದರು. "ಇಲ್ರಿ. ಅವ್ರು ಎಲ್ಲಿಗೂ ಬರಂಗಿಲ್ಲ. ನಮ್ಮ ಅಂಗಡ್ಯಾಗ ಕೆಲ್ಸ ಬಾಳ ಐತಿ."

ಹಫೀಜ್‌ಗೆ ಕೇಳಿಸಿತು. ತಲೆ ತಿರುಗಿಸಲಿಲ್ಲ, ತಿರುಗಿಸುವ ಹಾಗಿರಲಿಲ್ಲ. ಮೇಲೆತ್ತಿದ್ದ ಅವನ ಕೈ ಮಾತ್ರ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟಿತು, ಎಳೆಯುವವರು ಎಳೆಯಬೇಕೋ ಬೇಡವೋ ತಿಳಿಯದೆ ಹಗ್ಗ ಹಿಡಿದು ಕಾದರು. ಆಮೇಲೆ ಅವನು ಮೂಗು ಒರೆಸಿಕೊಂಡು, ಎಳೀರಿ ಎಂದ. ಎಂಜಿನ್ನು ಗೋಡೆಗೆ ಎಲ್ಲೂ ತಾಗದೆ ಬಿಸಿಲಿಗೆ ಬಂತು.